ಅರ್ಥ ಒಂದೇ, ಕೈ ಬೇರೆ

ಇಂಗ್ಲಿಷಿನ ‘ಆನ್’ ಮತ್ತು ‘ಅಪಾನ್’ ಪದಗಳ ನಡುವೆ ಅರ್ಥದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡಕ್ಕೂ ‘ಮೇಲೆ’ ಎಂದರೆ ಸಾಕು. ಎರಡನೆಯದು ತುಸು ಗಂಭೀರ, ಇಂದಿನ ಮಾತಿನಲ್ಲಿ ಅಪರೂಪ. ‘ಒನ್ಸ್ ಅಪಾನ್ ಎ ಟೈಮ್’ನಂಥ ಗಟ್ಟಿಗೊಂಡ ನುಡಿಗಟ್ಟುಗಳನ್ನು ಬಿಟ್ಟರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೂ ವಾಕ್ಯದ ತಾತ್ಪರ್ಯ ಬಹುಮಟ್ಟಿಗೆ ಕದಲುವುದಿಲ್ಲ. ಶಾಲೆಯ ಪಾಠ ಇಂಥ ಜೋಡಿಗಳನ್ನು ಸಮಾನಾರ್ಥಕಗಳ ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತದೆ. ಸಂಖ್ಯಾಶಾಸ್ತ್ರಜ್ಞರಿಗೆ ಕುತೂಹಲ ಹುಟ್ಟುವುದು ಮಾತ್ರ ಇಲ್ಲಿಯೇ. ಯುದ್ಧದ ಬಗ್ಗೆ ಬರೆಯುವವರು ಯಾರೇ ಆಗಲಿ, ‘ಯುದ್ಧ’ ಎಂಬ ಪದ ಬಂದೇ ಬರುತ್ತದೆ. ಅದನ್ನು ಬರೆಸುವುದು ವಿಷಯ. ಆದರೆ ಎರಡು ಪದಗಳಲ್ಲಿ ಯಾವುದನ್ನು ಬಳಸಿದರೂ ನಡೆಯುತ್ತದೆ ಎಂದಾಗ ಆಯ್ಕೆಗೆ ವಿಷಯದ ಒತ್ತಾಯವಿರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಬರೆಯುವವರ ರೂಢಿ, ಅದೂ ಹೆಚ್ಚಾಗಿ ಅವರ ಅರಿವಿಗೇ ಬಾರದ ಹಾಗೆ.

ಈ ಮಾತಿಗೆ ಅತ್ಯುತ್ತಮ ಪುರಾವೆ ಸಿಕ್ಕಿದ್ದು ಅಮೆರಿಕದ ಇತಿಹಾಸದ ಒಂದು ಹಳೆಯ ತಕರಾರಿನಲ್ಲಿ. ಹೊಸ ಸಂವಿಧಾನವನ್ನು ಒಪ್ಪುವಂತೆ ನ್ಯೂಯಾರ್ಕಿನ ಜನರ ಮನವೊಲಿಸಲು 1787 ಮತ್ತು 1788ರಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ 85 ಪ್ರಬಂಧಗಳು ಹೊರಬಂದವು. ‘ಫೆಡರಲಿಸ್ಟ್’ ಪ್ರಬಂಧಗಳೆಂದು ಹೆಸರಾದ ಇವುಗಳ ಹಿಂದೆ ಇದ್ದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್ ಮತ್ತು ಜಾನ್ ಜೇ. 1804ರಲ್ಲಿ ಹ್ಯಾಮಿಲ್ಟನ್ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ತೀರಿಕೊಂಡ ಬಳಿಕ, ಯಾವುದನ್ನು ಯಾರು ಬರೆದರೆಂಬ ಅವರದೆನ್ನಲಾದ ಪಟ್ಟಿಯೊಂದು ಬೆಳಕಿಗೆ ಬಂತು. ಮ್ಯಾಡಿಸನ್ ಪಟ್ಟಿ ಬಂದದ್ದು 1818ರಲ್ಲಿ. ಹನ್ನೆರಡು ಪ್ರಬಂಧಗಳಿಗೆ ಎರಡೂ ಕಡೆಯಿಂದ ಹಕ್ಕುದಾರಿಕೆ ಉಳಿಯಿತು. ಇಬ್ಬರೂ ಒಂದೇ ಕಾಲದವರು, ಒಂದೇ ಬಗೆಯ ಓದು, ಒಂದೇ ಪಕ್ಷದ ವಾದ. 1941ರಲ್ಲಿ ಫ್ರೆಡರಿಕ್ ಮಾಸ್ಟೆಲರ್ ಮತ್ತು ಫ್ರೆಡರಿಕ್ ವಿಲಿಯಮ್ಸ್ ವಾಕ್ಯಗಳ ಉದ್ದ ಅಳೆದು ನೋಡಿದರು. ಹ್ಯಾಮಿಲ್ಟನ್ ಸರಾಸರಿ 34.55 ಪದ, ಮ್ಯಾಡಿಸನ್ 34.59! ಅಳತೆಗೋಲನ್ನು ಮಡಚಿಡುವುದೇ ಲೇಸು ಅನ್ನಿಸುವಂಥ ಫಲಿತಾಂಶ.

ದಾರಿ ತೋರಿಸಿದ್ದು ಡಗ್ಲಸ್ ಅಡೇರ್ ಎಂಬ ಇತಿಹಾಸಕಾರ. ‘ಆಗ’, ‘ಹಾಗಿರುವಾಗ’ ಎಂಬ ಅರ್ಥಕ್ಕೆ ಹ್ಯಾಮಿಲ್ಟನ್ ‘ವೈಲ್’ ಎಂದು ಬರೆದರೆ ಮ್ಯಾಡಿಸನ್ ‘ವೈಲ್‌ಸ್ಟ್’ ಎಂದು ಬರೆಯುತ್ತಿದ್ದುದನ್ನು ಅವರು ಗಮನಿಸಿ ಮಾಸ್ಟೆಲರ್‌ಗೆ ತಿಳಿಸಿದರು. ಮಾಸ್ಟೆಲರ್ ಮತ್ತು ಡೇವಿಡ್ ವ್ಯಾಲೇಸ್ ಇಂಥದ್ದೇ ಇನ್ನಷ್ಟು ಸಣ್ಣ ಪದಗಳನ್ನು ಹುಡುಕಿ, 1964ರಲ್ಲಿ ತಮ್ಮ ಅಧ್ಯಯನವನ್ನು ಪುಸ್ತಕವಾಗಿ ತಂದರು. ಕಂಪ್ಯೂಟರ್ ಇನ್ನೂ ಎಳವೆಯಲ್ಲಿದ್ದ ಕಾಲ. ಶುರುವಿನಲ್ಲಿ ಪದಗಳನ್ನು ಕಾಗದದ ಪಟ್ಟಿಯ ಮೇಲೆ ಟೈಪ್ ಮಾಡಿ, ಚೂರು ಚೂರಾಗಿ ಕತ್ತರಿಸಿ, ಅಕ್ಷರಾನುಕ್ರಮದಲ್ಲಿ ಜೋಡಿಸಿ ಎಣಿಸುತ್ತಿದ್ದರು. ಎಲ್ಲಕ್ಕಿಂತ ಜೋರಾಗಿ ಮಾತಾಡಿದ್ದು ‘ಅಪಾನ್’. ಹ್ಯಾಮಿಲ್ಟನ್ ಬರಹದಲ್ಲಿ ಅದು ಸಾವಿರ ಪದಗಳಿಗೆ ಸುಮಾರು ಮೂರು ಬಾರಿ ಬರುತ್ತದೆ. ಮ್ಯಾಡಿಸನ್ ಬರಹದಲ್ಲಿ ಹಲವು ಸಾವಿರ ಪದಗಳಿಗೊಮ್ಮೆ. ಲೆಕ್ಕ ಹಾಕಿ ನೋಡಿ. ಎರಡು ಸಾವಿರ ಪದಗಳ ಪ್ರಬಂಧವನ್ನು ಹ್ಯಾಮಿಲ್ಟನ್ ಬರೆದಿದ್ದರೆ ಅಲ್ಲಿ ಆರು ‘ಅಪಾನ್’ ನಿರೀಕ್ಷಿಸಬಹುದು. ಪದ ಬರುವುದು ಬರೀ ಆಕಸ್ಮಿಕವೆಂದುಕೊಂಡರೆ, ಒಂದೂ ಇಲ್ಲದಿರುವ ಸಂಭವ ಸುಮಾರು 400ಕ್ಕೆ ಒಂದು. ವಾಸ್ತವದಲ್ಲಿ ಪದಗಳು ಗುಂಪು ಕಟ್ಟಿಕೊಂಡು ಬರುತ್ತವೆ, ಒಮ್ಮೆ ಬಂದದ್ದು ಬೇಗನೆ ಮತ್ತೆ ಬರುತ್ತದೆ. ಆದ್ದರಿಂದ ಅವರು ಇದಕ್ಕಿಂತ ಎಚ್ಚರದ ಗಣಿತವನ್ನೇ ಬಳಸಿದರು. ವಿವಾದದ ಹನ್ನೆರಡರಲ್ಲಿ ‘ಅಪಾನ್’ ಬಹಳ ವಿರಳ. ಬೇರೆ ಪದಗಳೂ ಅದೇ ದಿಕ್ಕಿಗೆ ವಾಲಿದವು. ಹನ್ನೆರಡೂ ಮ್ಯಾಡಿಸನ್ನರದೇ ಎಂಬುದು ಅವರ ತೀರ್ಮಾನ. 55ನೆಯ ಪ್ರಬಂಧದಲ್ಲಿ ಮಾತ್ರ ಸಾಕ್ಷ್ಯ ತೆಳು.

ಒಂದು ಪದದ ಮೇಲೆ ಇಷ್ಟು ಭಾರ ಹೊರಿಸಬಹುದೇ ಎಂದು ಯಾರಾದರೂ ಕೇಳಬೇಕಾದದ್ದೇ. ಮುದ್ರಕರು ‘ವೈಲ್‌ಸ್ಟ್’ ಅನ್ನು ತಿದ್ದಿ ‘ವೈಲ್’ ಮಾಡಿರಬಹುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪ ಮಾಡಿರಬಹುದು. ಮಾಸ್ಟೆಲರ್ ಮತ್ತು ವ್ಯಾಲೇಸ್ ಮೂವತ್ತು ಪದಗಳ ಸಾಕ್ಷ್ಯವನ್ನು ಕೂಡಿಸಿದ್ದು ಇದಕ್ಕೇ. ಒಂದೆರಡು ಪದಗಳಲ್ಲಿ ಪರರ ಕೈಯಾಡಿದ್ದರೂ ಉಳಿದವು ತೀರ್ಮಾನವನ್ನು ಹಿಡಿದು ನಿಲ್ಲಿಸುತ್ತವೆ. ವಿಷಯಕ್ಕೆ ಅಂಟಿಕೊಂಡ ಪದಗಳನ್ನು ಅವರು ಬೇಕೆಂದೇ ಕೈಬಿಟ್ಟರು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಈ ವಿಧಾನ ‘ಬರೆದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ‘ಇವರಲ್ಲಿ ಯಾರು’ ಎಂಬುದಕ್ಕೆ ಕೊಡುತ್ತದೆ. ಇಲ್ಲಿ ಹಕ್ಕುದಾರರು ಇಬ್ಬರೇ ಇದ್ದದ್ದು ವಿಜ್ಞಾನದ ಭಾಗ್ಯ. 2013ರಲ್ಲಿ ರಾಬರ್ಟ್ ಗಾಲ್‌ಬ್ರೈತ್ ಎಂಬ ಹೆಸರಿನಲ್ಲಿ ಬಂದ ಪತ್ತೇದಾರಿ ಕಾದಂಬರಿಯನ್ನು ಪರೀಕ್ಷಿಸಿದ ಪ್ಯಾಟ್ರಿಕ್ ಜುವೋಲಾ ಅವರೂ ಜೆ. ಕೆ. ರೋಲಿಂಗ್ ಜೊತೆಗೆ ಬೇರೆ ಮೂವರು ಲೇಖಕಿಯರ ಬರಹವನ್ನಷ್ಟೇ ಹೋಲಿಸಿ ನೋಡಿದ್ದರು. ನಾಲ್ವರಲ್ಲಿ ರೋಲಿಂಗ್ ಹೆಚ್ಚು ಹೊಂದುತ್ತಾರೆ ಎಂಬಲ್ಲಿಗೆ ಗಣಿತ ನಿಂತಿತು. ಗುಟ್ಟು ಖಚಿತವಾದದ್ದು ಆಕೆಯೇ ಒಪ್ಪಿಕೊಂಡಾಗ. ಪತ್ರಿಕೆಗಳು ಇದನ್ನು ‘ಭಾಷೆಯ ಬೆರಳಚ್ಚು’ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಬೆರಳ ಗೆರೆ ಬದಲಾಗದು, ರೂಢಿ ಬದಲಾದೀತು. ಬೇಕೆಂದೇ ಬದಲಿಸಲೂಬಹುದು: ಮೈಕೆಲ್ ಬ್ರೆನನ್ ಮತ್ತು ರೇಚಲ್ ಗ್ರೀನ್‌ಸ್ಟಾಟ್ ಅವರ ಪ್ರಯೋಗದಲ್ಲಿ, ಶೈಲಿ ಮರೆಸಿ ಬರೆಯಿರಿ ಅಥವಾ ಕಾದಂಬರಿಕಾರ ಕಾರ್ಮ್ಯಾಕ್ ಮೆಕಾರ್ಥಿಯ ಹಾಗೆ ಬರೆಯಿರಿ ಎಂದು ಸಾಮಾನ್ಯ ಜನರಿಗೆ ಹೇಳಿದಾಗ, ಹೆಸರಾಂತ ಪತ್ತೆವಿಧಾನಗಳೇ ಮುಗ್ಗರಿಸಿದವು. ಆದರೆ ಈ ಆಕ್ಷೇಪ ಮೂಲ ವಾದವನ್ನು ಬೀಳಿಸುವುದಿಲ್ಲ. ಅಡಗಿಸಬೇಕೆಂಬ ಗರಜು ಇದ್ದವರು ಮಾತ್ರ ಅಡಗಿಸುತ್ತಾರೆ. ಮ್ಯಾಡಿಸನ್ ಮುಚ್ಚಿಟ್ಟದ್ದು ಹೆಸರನ್ನು. ತಮ್ಮ ‘ವೈಲ್‌ಸ್ಟ್’ ಅನ್ನು ಯಾರಾದರೂ ಎಣಿಸಿಯಾರು ಎಂದು ಅಂಜಲು ಅವರಿಗೆ ಕಾರಣವೇ ಇರಲಿಲ್ಲ.

ಕನ್ನಡದಲ್ಲೂ ಇಂಥ ಜೋಡಿಗಳಿಗೆ ಬರವಿಲ್ಲ: ‘ಮತ್ತು’–‘ಹಾಗೂ’, ‘ಬಗ್ಗೆ’–‘ಕುರಿತು’, ‘ಎಂದು’–‘ಅಂತ’. ಆದರೆ ಇಂಗ್ಲಿಷಿನ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತಂದರೆ ನಡೆಯದು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಸಣ್ಣ ಪದಗಳ ಕೆಲಸವನ್ನು ಕನ್ನಡದಲ್ಲಿ ಹೆಚ್ಚಾಗಿ ಪ್ರತ್ಯಯಗಳು ಮಾಡುತ್ತವೆ. ‘ಮತ್ತು’ ಬಳಸದ ಲೇಖಕರು ‘ಅಕ್ಕನೂ ತಂಗಿಯೂ’ ಎಂದು ಬರೆದು ಮುಗಿಸುತ್ತಾರೆ. ಖಾಲಿ ಜಾಗ ನೋಡಿ ಪದ ಎಣಿಸುವ ಯಂತ್ರಕ್ಕೆ ಅಲ್ಲೊಂದು ಆಯ್ಕೆ ನಡೆದದ್ದೇ ಕಾಣದು. ‘ಅದಕ್ಕಾಗಿ’ ಎನ್ನುವವರನ್ನೂ ‘ಅದಕ್ಕೋಸ್ಕರ’ ಎನ್ನುವವರನ್ನೂ ಬೇರ್ಪಡಿಸಬೇಕಾದರೆ ಮೊದಲು ಸಂಧಿ ಬಿಡಿಸಬೇಕು, ಪದದ ಬಾಲ ಬಿಡಿಸಬೇಕು, ಎಣಿಕೆ ಆಮೇಲೆ.