ತಕ್ಕ ಮಾತು

ದುಡಿಮೆಯ ಉಪಕರಣಗಳಲ್ಲಿ ಮಾತೂ ಒಂದು. ನೇಗಿಲು ಮೊಂಡಾದರೆ ಉಳುಮೆ ಕೆಡುವಂತೆ, ಮಾತು ತಪ್ಪಿದರೆ ಕೆಲಸ ಕೆಡುತ್ತದೆ. ಹರಟೆಯಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ನಗೆಯಲ್ಲಿ ಮುಗಿದೀತು. ಕೆಲಸದ ಎಡೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಪದದ ಮೇಲೆ ಒಂದು ಸಂಸಾರದ ಬೆಳೆ, ಭೂಮಿ, ಕೂಲಿ ನಿಂತಿರಬಹುದು.

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಲಕ್ಕೂರು ಒಂದು ಹೋಬಳಿ ಕೇಂದ್ರ. ಈ ಜಿಲ್ಲೆ ರೇಷ್ಮೆ ಕೃಷಿಗೆ ಬಹುಕಾಲದಿಂದ ಹೆಸರಾದುದು. ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಮುಂಚೆ 4 ಸಲ ಪೊರೆ ಕಳಚುತ್ತದೆ. ಆಗ ಅದು ಸೊಪ್ಪು ತಿನ್ನದೆ, ತಲೆಯೆತ್ತಿ ನಿಶ್ಚಲವಾಗಿರುತ್ತದೆ. ಈ ಸ್ಥಿತಿಯನ್ನು ರೈತರು ‘ಜ್ವರ’ ಎನ್ನುತ್ತಾರೆ. ಇದು ರೋಗವಲ್ಲ, ಬೆಳವಣಿಗೆಯ ಒಂದು ಹಂತ. ಹೊಸದಾಗಿ ಬಂದ ಅಧಿಕಾರಿ ಈ ಮಾತಿನ ಅರ್ಥವನ್ನರಿಯದಿದ್ದರೆ ಔಷಧವನ್ನು ಹುಡುಕಿಯಾನು. ಅವನು ಗ್ರಂಥದ ಕಠಿನ ಪದವನ್ನು ಬಳಸಿದರೆ ರೈತನು ತಲೆಯಾಡಿಸಿ ಸುಮ್ಮನಾದಾನು. ‘ಹುಳುಗಳೆಲ್ಲ ಜ್ವರದಿಂದ ಎದ್ದ ಮೇಲೆ ಸೊಪ್ಪು ಹಾಕಿ’ ಎಂದರೆ ಇಬ್ಬರಿಗೂ ವಿಷಯ ಸ್ಪಷ್ಟವಾಗುತ್ತದೆ. ಅವಸರದಿಂದ ಸೊಪ್ಪು ಹಾಕಿದಲ್ಲಿ ಮೊದಲು ಎದ್ದ ಹುಳುಗಳು ತಿಂದು ಬೆಳೆಯುತ್ತವೆ, ಉಳಿದವು ಹಿಂದುಳಿಯುತ್ತವೆ. ಹುಳುಗಳು ಒಟ್ಟಿಗೆ ಹಣ್ಣಾಗುವುದಿಲ್ಲ. ಆದುದರಿಂದ ಕೇಳುವವನಿಗೆ ತಿಳಿದ ಮಾತನ್ನು ಆರಿಸಿಕೊಳ್ಳುವುದು ಮೊದಲನೆಯ ನಿಯಮ.

ಮಾತು ಪರಿಚಿತವಾಗಿದ್ದರಷ್ಟೇ ಸಾಲದು, ಖಚಿತವೂ ಆಗಿರಬೇಕು. ಜಮೀನಿನ ಪಹಣಿಯಲ್ಲಿ ‘ಖರಾಬು’ ಎಂಬ ಪದವಿರುತ್ತದೆ. ‘ಅ ಖರಾಬು’ ಎಂದರೆ ಸಾಗುವಳಿಗೆ ಯೋಗ್ಯವಲ್ಲದ ನೆಲ. ‘ಬ ಖರಾಬು’ ಎಂದರೆ ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲ. ಬರೆಯುವವನು ಒಂದು ಅಕ್ಷರ ತಪ್ಪಿದರೆ ಊರಿನ ದಾರಿಯೇ ವ್ಯಾಜ್ಯಕ್ಕೆ ಸಿಕ್ಕೀತು. ಇಲ್ಲಿ ‘ಕೆಟ್ಟ ನೆಲ’ ಎಂಬ ಸುಲಭ ಮಾತು ಸುಲಭವಾದರೂ ಸರಿಯಾದುದಲ್ಲ.

ಮಾತು ಪೂರ್ಣವಾಗಿಯೂ ಇರಬೇಕು. ಅರ್ಜಿ ತಂದವನಿಗೆ ‘ನಾಳೆ ಬನ್ನಿ’ ಎಂದಷ್ಟೇ ಹೇಳಿ ಕಳುಹಿಸಿದರೆ ಅವನಿಗೆ ಒಂದು ದಿನದ ಕೂಲಿ ನಷ್ಟ. ನಾಳೆಯೂ ಅದೇ ಕೊರತೆಯೊಡನೆ ಅವನು ಮರಳಿ ಬರುತ್ತಾನೆ. ‘ಅರ್ಜಿಯೊಡನೆ ಪಹಣಿಯ ನಕಲು ಇಲ್ಲ, ಅದನ್ನು ತನ್ನಿ’ ಎಂದರೆ ನಾಲ್ಕು ಪದ ಹೆಚ್ಚಾದರೂ ಒಂದು ದಿನ ಉಳಿಯುತ್ತದೆ. ಅದರಲ್ಲಿ ಮರ್ಯಾದೆಯೂ ಇದೆ.

1963ರ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿಸಿತು. ಆದರೆ ಕಚೇರಿಯ ಕಾಗದ ಕನ್ನಡದಲ್ಲಿದ್ದೂ ಜನರಿಗೆ ಅರ್ಥವಾಗದಿದ್ದರೆ ಅದರ ಉದ್ದೇಶ ನೆರವೇರಿದಂತಾಗುವುದಿಲ್ಲ. ಇದೇ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು (1891–1986) ಮೈಸೂರು ಸಂಸ್ಥಾನದಲ್ಲಿ ಬಹುಕಾಲ ಅಧಿಕಾರಿಗಳಾಗಿದ್ದರು. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದರು. ಅವರ ಗದ್ಯ ಸರಳತೆಗೆ ಹೆಸರಾದುದು. ಸರಳತೆ ಪಾಂಡಿತ್ಯದ ಕೊರತೆಯಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಆಡುವ ಮುನ್ನ, ಬರೆಯುವ ಮುನ್ನ ಕೇಳುವವನ ಸ್ಥಾನದಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಅವನಿಗೆ ತಿಳಿಯುವ, ತಪ್ಪು ದಾರಿಗೆಳೆಯದ, ಅವನ ದಿನವನ್ನು ವ್ಯರ್ಥಮಾಡದ ಮಾತೇ ತಕ್ಕ ಮಾತು.