ಟ್ರೇಲರ್‌ಗೆ ಸಿಕ್ಕದ ಫೈಟು

ಶಾರುಖ್ ಖಾನ್ ನಟಿಸಿದ ‘ಫ್ಯಾನ್’ 2016ರಲ್ಲಿ ತೆರೆಕಂಡಾಗ ಮಹಾರಾಷ್ಟ್ರದ ಪ್ರೇಕ್ಷಕಿಯೊಬ್ಬರು ಗ್ರಾಹಕರ ವೇದಿಕೆಯ ಮೆಟ್ಟಿಲೇರಿದರು. ಪ್ರಚಾರದಲ್ಲಿ ಮತ್ತೆಮತ್ತೆ ತೋರಿಸಿದ್ದ ಹಾಡು ಚಿತ್ರದಲ್ಲಿ ಇರಲೇ ಇಲ್ಲ ಎಂಬುದು ಅವರ ದೂರು. ರಾಜ್ಯ ಆಯೋಗ 10,000 ರೂಪಾಯಿ ಪರಿಹಾರ ಕೊಡಿಸಿತು. ರಾಷ್ಟ್ರೀಯ ಆಯೋಗವೂ ಅದನ್ನು ಎತ್ತಿಹಿಡಿಯಿತು. ಆದರೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಟ್ರೇಲರ್ ಇರುವುದು ಜನರನ್ನು ಟಿಕೆಟ್ಟಿನತ್ತ ಸೆಳೆಯಲು, ಅದನ್ನು ನಿರ್ಮಾಪಕ ಕೊಟ್ಟ ಮಾತೆಂದು ತಿಳಿಯುವಂತಿಲ್ಲ ಎಂಬುದು ಅದರ ನಿಲುವು. ಕಾನೂನಿನ ತಕರಾರು ಅಲ್ಲಿಗೆ ಮುಗಿಯಿತು, ಪ್ರೇಕ್ಷಕನ ತಕರಾರು ಮುಗಿಯಲಿಲ್ಲ. ಆಕ್ಷನ್ ಸಿನಿಮಾಗಳ ವಿಷಯದಲ್ಲಂತೂ ಪೋಸ್ಟರ್ ಬಿದ್ದ ದಿನವೇ ತೀರ್ಪೂ ಹೊರಬೀಳುತ್ತದೆ. ಚಿತ್ರಕ್ಕೆ ಎಷ್ಟು ದುಡ್ಡು ಸುರಿದಿದ್ದಾರೆ, ಅದರ ಬಣ್ಣ ಯಾವುದು, ಗ್ರಾಫಿಕ್ಸ್ ಹೇಗಿದೆ ಎಂಬುದನ್ನು ಟ್ರೇಲರ್ ನೋಡಿ ಹೇಳಬಹುದು. ಫೈಟು ಚೆನ್ನಾಗಿದೆಯೇ ಎಂಬುದನ್ನು ಮಾತ್ರ ಹೇಳುವುದು ಕಷ್ಟ. ಆಕ್ಷನ್ ಸಿನಿಮಾಗೆ ನಾವು ಹೋಗುವುದೇ ಅದಕ್ಕಾಗಿ ಎಂಬುದು ಇಲ್ಲಿನ ತಮಾಷೆ.

ಕಾರಣ ಕತ್ತರಿಯಲ್ಲಿದೆ. ಯಾರು ಎಲ್ಲಿ ನಿಂತಿದ್ದಾರೆ, ಏಟು ಎಲ್ಲಿಂದ ಹೊರಟು ಎಲ್ಲಿ ಬಿತ್ತು ಎಂಬುದು ಕಣ್ಣಿಗೆ ಕಂಡಾಗಲೇ ಹೊಡೆದಾಟಕ್ಕೆ ತೂಕ ಬರುವುದು. ‘ಜಾನ್ ವಿಕ್’ (2014) ನಿರ್ದೇಶಿಸಿದ ಚಾಡ್ ಸ್ಟಾಹೆಲ್ಸ್ಕಿ ಅದಕ್ಕೂ ಮೊದಲು ‘ಮ್ಯಾಟ್ರಿಕ್ಸ್’ನಲ್ಲಿ ಕಿಯಾನು ರೀವ್ಸ್‌ಗೆ ಡ್ಯೂಪ್ ಆಗಿದ್ದವರು. ನಟನಿಗೇ ತಾಲೀಮು ಕೊಡಿಸಿ, ಕ್ಯಾಮೆರಾವನ್ನು ಹಿಂದೆ ಸರಿಸಿ, ಶಾಟ್ ಕತ್ತರಿಸದೆ ಹಿಡಿದದ್ದೇ ಆ ಚಿತ್ರದ ಬಲ. ಎರಡೂವರೆ ನಿಮಿಷದ ಟ್ರೇಲರ್‌ನಲ್ಲಿ ಮೊದಲು ಬಲಿಯಾಗುವುದು ಈ ಗುಣವೇ. ಅಲ್ಲಿ ಎತ್ತಿದ ಮುಷ್ಟಿ ಒಂದು ದೃಶ್ಯದ್ದು, ಒಡೆದ ಗಾಜು ಇನ್ನೊಂದರದು. ನಡುವೆ ಡ್ರಮ್ಮಿನ ಏಟು ಬಿದ್ದರೆ ನಮ್ಮ ಮನಸ್ಸೇ ಎರಡಕ್ಕೂ ಗಂಟು ಹಾಕಿಬಿಡುತ್ತದೆ. ಇಲ್ಲದ್ದನ್ನು ತೋರಿಸಿದ ಉದಾಹರಣೆಯೂ ಉಂಟು. ‘ಅವೆಂಜರ್ಸ್: ಇನ್ಫಿನಿಟಿ ವಾರ್’ (2018) ಟ್ರೇಲರ್‌ನಲ್ಲಿ ವಕಾಂಡಾದ ರಣರಂಗಕ್ಕೆ ಓಡಿ ಬರುತ್ತಿದ್ದ ಹಲ್ಕ್, ಚಿತ್ರದ ಆ ಯುದ್ಧದಲ್ಲಿ ಇರಲೇ ಇಲ್ಲ.

ಆದರೂ ಜನರ ಊಹೆ ಎಷ್ಟೋ ಸಲ ನಿಜವಾಗುತ್ತದಲ್ಲ ಎಂದು ಕೇಳಬಹುದು. ‘ಆದಿಪುರುಷ್’ ಟೀಸರ್ 2022ರ ಅಕ್ಟೋಬರ್‌ನಲ್ಲಿ ಬಂದಾಗ ಗ್ರಾಫಿಕ್ಸ್ ನೋಡಿ ಜನ ನಕ್ಕರು. ಬಿಡುಗಡೆ ಜನವರಿಯಿಂದ ಜೂನ್‌ಗೆ ಹೋಯಿತು, ಚಿತ್ರ ಬಂದ ಮೇಲೂ ಅದೇ ದೂರು ಉಳಿಯಿತು. ಒಪ್ಪೋಣ, ಗ್ರಾಫಿಕ್ಸ್ ಒಂದೇ ಫ್ರೇಮಿನಲ್ಲಿ ಸಿಕ್ಕಿಬೀಳುವ ಸಂಗತಿ, ಟ್ರೇಲರ್ ಅದನ್ನು ಬಚ್ಚಿಡಲಾರದು. ‘ಕೆಜಿಎಫ್ 2’ ಕೊಂಚ ತೊಡಕಿನ ಉದಾಹರಣೆ. 2021ರ ಜನವರಿಯ ಟೀಸರ್ ಎರಡೇ ದಿನದಲ್ಲಿ 10 ಕೋಟಿ ವೀಕ್ಷಣೆ ದಾಟಿತ್ತು. ಮೆಷಿನ್‌ಗನ್ನಿನಿಂದ ಜೀಪುಗಳನ್ನು ಉರುಳಿಸಿ, ಕಾದ ನಳಿಗೆಗೇ ಸಿಗರೇಟು ಹಚ್ಚುವ ಯಶ್ ಅದರ ಕೊನೆಯ ದೃಶ್ಯ. 2022ರ ಏಪ್ರಿಲ್‌ನಲ್ಲಿ ಚಿತ್ರ ಬಂದಾಗ ಟೀಸರ್ ಕಂಡವರಿಗೆ ಮೋಸವೇನೂ ಆಗಲಿಲ್ಲ. ಹಾಗಾದರೆ ಟೀಸರ್ ನಂಬಬಹುದೇ? ಆ ಚಿತ್ರದ ಮಟ್ಟಿಗೆ ಹೌದು, ಏಕೆಂದರೆ ಪ್ರಶಾಂತ್ ನೀಲ್ ಅವರ ಚಿತ್ರವೇ ಟ್ರೇಲರಿನ ಧಾಟಿಯಲ್ಲಿ ಹೆಣೆದದ್ದು. ತುಂಡು ಶಾಟುಗಳು, ನಡುನಡುವೆ ಕಪ್ಪಾಗುವ ತೆರೆ, ಎಲ್ಲವನ್ನೂ ಮೇಲಿನಿಂದ ಹೇಳುತ್ತ ಹೋಗುವ ನಿರೂಪಕನ ದನಿ. ಆಮೇಲೆ ಬಂದವರಿಗೆ ಅದರ ಬೂದು ಬಣ್ಣ, ಮಸಿ, ಡ್ರಮ್ಮಿನ ಸದ್ದು ಸಲೀಸಾಗಿ ಕೈಗೆ ಸಿಕ್ಕವು. ಆ ಹೆಣಿಗೆ ಸಿಕ್ಕಿದೆಯೇ ಎಂಬುದನ್ನು ಟ್ರೇಲರ್ ಹೇಳುವುದಿಲ್ಲ.

ಪೋಸ್ಟರ್ ಒಂದು ರೀತಿಯಲ್ಲಿ ಹೆಚ್ಚು ಪ್ರಾಮಾಣಿಕ. ಅದು ಚಲನೆಯನ್ನು ತೋರಿಸುವ ನಾಟಕ ಆಡುವುದಿಲ್ಲ. ಹಿಂದೆ ಬೆಂಕಿ, ಮುಂದೆ ಬಂದೂಕು, ಗಡ್ಡದ ಮೇಲೆ ರಕ್ತ, ಇಷ್ಟರಿಂದ ತಿಳಿಯುವುದು ಹೀರೊ ಯಾರೆಂಬುದು ಮಾತ್ರ. ಓದಬೇಕಾದದ್ದು ತಳದ ಸಣ್ಣ ಅಕ್ಷರಗಳನ್ನು: ಸಾಹಸ ಯಾರದು, ಸಂಕಲನ ಯಾರದು. ‘ಕೆಜಿಎಫ್’ ಮೊದಲ ಭಾಗದ ಸಾಹಸಕ್ಕೆ ಅನ್ಬರಿವ್ ಜೋಡಿ ಮತ್ತು ವಿಕ್ರಂ ಮೋರ್ ರಾಷ್ಟ್ರಪ್ರಶಸ್ತಿ ಪಡೆದರು. ಆ ಹೆಸರುಗಳು ಹೇಳುವಷ್ಟನ್ನು ಹೀರೊನ ಮುಖ ಹೇಳದು. ಇದೆಲ್ಲ ಸಿನಿಮಾ ಹುಚ್ಚಿನವರ ಕೆಲಸ, ಮನೆಮಂದಿಯನ್ನೆಲ್ಲ ಮಲ್ಟಿಪ್ಲೆಕ್ಸಿಗೆ ಕರೆದೊಯ್ಯುವವನಿಗೆ ಅಷ್ಟು ಪುರುಸೊತ್ತೆಲ್ಲಿ ಎಂಬ ಮಾತಿನಲ್ಲೂ ನ್ಯಾಯವಿದೆ. ಅಂಥವರು ಟ್ರೇಲರಿನ ಸದ್ದು ಅಡಗಿಸಿ ಒಮ್ಮೆ ನೋಡಲಿ. ಸಂಗೀತ ಹೋದೊಡನೆ ಎಷ್ಟೋ ಟ್ರೇಲರುಗಳಲ್ಲಿ ಯಾರು ಯಾರನ್ನು ಹೊಡೆದರೆಂಬುದೇ ತಿಳಿಯುವುದಿಲ್ಲ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಚಿತ್ರದಲ್ಲಿ ಜಾರ್ಜ್ ಮಿಲ್ಲರ್ ಮುಖ್ಯ ಕ್ರಿಯೆಯನ್ನು ಫ್ರೇಮಿನ ನಡುವಿನಲ್ಲೇ ಇರಿಸಿದ್ದರು. ಹಾಗಾಗಿ ಅದರ ಟ್ರೇಲರನ್ನು ಮೂಕವಾಗಿ ನೋಡಿದರೂ ಯಾವ ಗಾಡಿ ಯಾವುದನ್ನು ಅಟ್ಟಿಸಿಕೊಂಡು ಹೋಗುತ್ತಿದೆ ಎಂಬುದು ಕಣ್ಣಿಗೆ ದಕ್ಕುತ್ತದೆ.