ಷರ್ಲಾಕ್ ಹೋಮ್ಸ್ ಸತ್ತಾಗ ಲಂಡನ್ ಜನ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದರೇ?

ಕತೆಯಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್ ಸತ್ತಾಗ ಲಂಡನ್ನಿನ ಯುವಕರು ಕಪ್ಪು ಪಟ್ಟಿ ಕಟ್ಟಿಕೊಂಡು ಶೋಕ ಆಚರಿಸಿದರು ಎಂಬ ಮಾತನ್ನು ನೀವೂ ಓದಿರಬಹುದು. ಇದು ನಿಜವೇ?

ನಿಜವಿರುವುದು ಇಷ್ಟು. 1893ರ ಡಿಸೆಂಬರ್‌ನಲ್ಲಿ ‘ಸ್ಟ್ರಾಂಡ್’ ಮಾಸಪತ್ರಿಕೆಯ ಕತೆಯೊಂದರಲ್ಲಿ ಲೇಖಕ ಆರ್ಥರ್ ಕಾನನ್ ಡಾಯ್ಲ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಸಾಯಿಸಿದರು. ಸಿಟ್ಟಾದ ಓದುಗರಿಂದ ಪತ್ರಗಳು ಬಂದವು ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಕಪ್ಪು ಪಟ್ಟಿಗೆ ಮಾತ್ರ ಆ ಕಾಲದ ಪುರಾವೆ ಸಿಕ್ಕಿಲ್ಲ. ಆ ಮಾತಿರುವುದು 1949ರಲ್ಲಿ, ಅಂದರೆ 56 ವರ್ಷಗಳ ನಂತರ ಬಂದ ಡಾಯ್ಲ್ ಜೀವನಚರಿತ್ರೆಯಲ್ಲಿ. ಬರೆದ ಜಾನ್ ಡಿಕ್ಸನ್ ಕಾರ್ ಸ್ವತಃ ಪತ್ತೇದಾರಿ ಕಾದಂಬರಿಕಾರ! ಮುಂದೆ ಒಬ್ಬರನ್ನು ನೋಡಿ ಇನ್ನೊಬ್ಬರು ಬರೆಯುತ್ತಾ ಹೋದರು.

ನಿಜವಾದ ಓದುಗರ ಕತೆ ಇದಕ್ಕಿಂತ ಸ್ವಾರಸ್ಯಕರ. 1903ರಲ್ಲಿ ಹೋಮ್ಸ್ ಬದುಕಿ ಬಂದ. ಬೇಕೆಂದವರಿಗೆಲ್ಲ ಖುಷಿಯಾಯಿತೇ? ಇಲ್ಲ. ಬಿದ್ದಾಗ ಹೋಮ್ಸ್ ಸಾಯದೆ ಇದ್ದಿರಬಹುದು, ಆದರೆ ಆಮೇಲೆ ಅವನು ಮೊದಲಿನಂತಿಲ್ಲ ಎಂದು ಕಾರ್ನ್‌ವಾಲ್‌ನ ದೋಣಿಯವನೊಬ್ಬ ತನಗೆ ಹೇಳಿದ್ದನ್ನು ಡಾಯ್ಲ್ ದಾಖಲಿಸಿದ್ದಾರೆ. ಮೆಚ್ಚಿನ ಸರಣಿಯ ಹೊಸ ಕಂತು ಬಂದಾಗ ನಾವೂ ಹೀಗೇ ಗೊಣಗುತ್ತೇವಲ್ಲವೇ?

ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದನ್ನು ಮೊದಲು ಬರೆದವರು ಯಾರು, ಯಾವಾಗ?